ಮೊಳಕಾಲ್ಮೂರಿನ ಮಗ್ಗವೂ ಸಹಕಾರದ ಬಂಡವಾಳವೂ: ಒಂದು ಐತಿಹಾಸಿಕ ವಿವೇಚನೆ

1

ಚಿತ್ರದುರ್ಗ ಜಿಲ್ಲೆಯ ಈಶಾನ್ಯದ ಅಂಚಿನಲ್ಲಿ, ಒಂದು ಕಡೆ ಬಳ್ಳಾರಿಯ ಸೀಮೆಗೂ ಮತ್ತೊಂದು ಕಡೆ ಆಂಧ್ರದ ರಾಯದುರ್ಗಕ್ಕೂ ಹೊಂದಿಕೊಂಡಿರುವ ಮೊಳಕಾಲ್ಮೂರು ತಾಲ್ಲೂಕು ಇತಿಹಾಸದ ವಿದ್ಯಾರ್ಥಿಗಳಿಗೆ ಅಪರಿಚಿತವಾದುದಲ್ಲ. 1892ರಲ್ಲಿ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನ ದಕ್ಷಿಣ ಭಾರತದ ಪ್ರಾಚೀನ ಸಂಸ್ಕೃತಿಗಳ ಕಾಲಾನುಕ್ರಮಕ್ಕೆ ಒಂದು ಆಧಾರವಾಯಿತು. ಈ ಎರಡು ಕಾರಣಗಳಿಂದ ಈ ತಾಲ್ಲೂಕಿನ ಹೆಸರು ಪ್ರಾಚೀನ ಇತಿಹಾಸದ ಗ್ರಂಥಗಳಲ್ಲಿ ಸ್ಥಿರವಾಗಿ ನಿಂತಿದೆ. ಆದರೆ ಅದೇ ಬೆಟ್ಟಗಳ ಮಗ್ಗುಲಲ್ಲಿ ತಲೆಮಾರುಗಳಿಂದ ರೇಷ್ಮೆಯ ಸೀರೆಗಳನ್ನು ನೇಯುತ್ತ ಬಂದಿರುವ ಕುಟುಂಬಗಳ ಆರ್ಥಿಕ ಇತಿಹಾಸವನ್ನು ಕುರಿತು ನಮ್ಮ ಕಾಲೇಜುಗಳಲ್ಲಿ ನಡೆದಿರುವ ವಿಚಾರ ಬಹಳ ಕಡಮೆ. ಪ್ರಕೃತ ಪ್ರಬಂಧದಲ್ಲಿ ಆ ಇತಿಹಾಸದ ಒಂದು ಪ್ರಶ್ನೆಯನ್ನು ಮಾತ್ರ ತೆಗೆದುಕೊಳ್ಳಲಾಗಿದೆ.

ಆ ಪ್ರಶ್ನೆ ಇದು. ಲಾಭಕ್ಕಾಗಿ ಅಲ್ಲದೆ, ದುಡಿಯುವವರ ಹಿತಕ್ಕಾಗಿ ಹುಟ್ಟಿದ ಉದ್ಯಮವೊಂದು ಬದುಕಬೇಕಾದರೆ ಹಣ ಬೇಕು. ಹಣವನ್ನು ಕೊಟ್ಟವರು ತಮ್ಮ ಷರತ್ತುಗಳನ್ನು ಒಡ್ಡುತ್ತಾರೆ. ಉದ್ಯಮ ಬೆಳೆದಂತೆ ಹಣದ ಅವಶ್ಯಕತೆಯೂ ಷರತ್ತುಗಳ ಭಾರವೂ ಬೆಳೆಯುತ್ತವೆ. ಹೀಗಿರುವಾಗ ಮೂಲದ ಆದರ್ಶ ಎಷ್ಟರಮಟ್ಟಿಗೆ ಉಳಿಯುತ್ತದೆ? ಇಂದು ಇಂಥ ಕಾರ್ಯಗಳನ್ನು 'ಸಾಮಾಜಿಕ ಉದ್ಯಮ'ವೆಂಬ ಹೊಸ ಹೆಸರಿನಿಂದ ಕರೆಯುವುದು ರೂಢಿಗೆ ಬಂದಿದೆ. ಹೆಸರು ಹೊಸದಾದರೂ ಸಮಸ್ಯೆ ಹಳೆಯದು. ಸಹಕಾರ ಚಳುವಳಿ ಮತ್ತು ಖಾದಿ ಚಳುವಳಿಗಳ ಇತಿಹಾಸದಲ್ಲಿ ಅದು ಮತ್ತೆ ಮತ್ತೆ ತಲೆದೋರಿದೆ. ಆ ಅನುಭವಗಳನ್ನು ಮೊಳಕಾಲ್ಮೂರಿನ ಮಗ್ಗದ ಪಕ್ಕದಲ್ಲಿ ನಿಂತು ಪರಿಶೀಲಿಸುವುದು ಇಲ್ಲಿಯ ಉದ್ದೇಶ.

2

ಮೊದಲು ಮಗ್ಗದ ಅರ್ಥವ್ಯವಸ್ಥೆಯನ್ನು ಅರಿಯುವುದು ಅವಶ್ಯಕ. ಚಳ್ಳಕೆರೆ ಮತ್ತು ಮೊಳಕಾಲ್ಮೂರು ಸೀಮೆ ರಾಜ್ಯದಲ್ಲಿಯೇ ಅತ್ಯಂತ ಕಡಮೆ ಮಳೆ ಬೀಳುವ ಪ್ರದೇಶಗಳಲ್ಲಿ ಒಂದು. ಬೇಸಾಯವನ್ನು ಮಾತ್ರ ನಂಬಿ ಬಾಳುವುದು ಇಲ್ಲಿ ಕಷ್ಟವಾದುದರಿಂದ ಕೈಕಸುಬುಗಳಿಗೆ ಮೊದಲಿನಿಂದಲೂ ಮಹತ್ತ್ವವಿದೆ. ಚಳ್ಳಕೆರೆಯ ಕಡೆ ಕುರಿಯ ಉಣ್ಣೆಯಿಂದ ಕಂಬಳಿ ನೇಯುವ ಕಸುಬು ಬೆಳೆಯಿತು. ಮೊಳಕಾಲ್ಮೂರಿನಲ್ಲಿ ರೇಷ್ಮೆಯ ನೇಯ್ಗೆ ನೆಲೆಯೂರಿತು. ಇವೆರಡರ ನಡುವಣ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕಂಬಳಿಗೆ ಬೇಕಾದ ಉಣ್ಣೆ ಊರಿನ ಕುರಿಯ ಮೈಮೇಲೆಯೇ ಬೆಳೆಯುತ್ತದೆ. ಅದನ್ನು ನೂಲುವವರೂ ನೇಯುವವರೂ ಬಹುಮಟ್ಟಿಗೆ ಅಲ್ಲಿಯವರೇ. ರೇಷ್ಮೆ ಸೀರೆಯ ಮಾತು ಬೇರೆ. ಕಚ್ಚಾ ರೇಷ್ಮೆಯನ್ನು ಪೇಟೆಯಿಂದ ಕೊಳ್ಳಬೇಕು. ಜರಿಯನ್ನು ದೂರದ ಸೂರತ್ತಿನಿಂದ ತರಿಸಬೇಕು. ಹುರಿ ಮಾಡಿಸಬೇಕು, ಬಣ್ಣ ಹಾಕಿಸಬೇಕು. ಹಾಸು ಹಿಡಿದು ಮಗ್ಗಕ್ಕೆ ಏರಿಸುವ ಹೊತ್ತಿಗೆ ಸೀರೆಯ ಬೆಲೆಯ ಬಹುಪಾಲು ಆಗಲೇ ವೆಚ್ಚವಾಗಿರುತ್ತದೆ.

ಮೊಳಕಾಲ್ಮೂರಿನ ಸೀರೆಗೆ ಹೆಸರು ಬಂದದ್ದು ಅಗಲವಾದ ಅಂಚು, ತುಂಬಿದ ಸೆರಗು, ಮತ್ತು ಹಣ್ಣು, ಹೂವು, ಪ್ರಾಣಿಪಕ್ಷಿಗಳ ಆಕೃತಿಗಳಿಂದ. ಇಂಥ ಸೀರೆ ಒಂದೆರಡು ದಿನಗಳಲ್ಲಿ ಮುಗಿಯುವಂಥದಲ್ಲ. ಕೆಲಸದ ಸೂಕ್ಷ್ಮತೆಗೆ ಅನುಗುಣವಾಗಿ ವಾರಗಳೂ ಹಿಡಿಯಬಹುದು. ಮಗ್ಗದ ಮೇಲೆ ಕುಳಿತವನು ಒಬ್ಬನಾದರೂ ನೂಲು ಸುತ್ತುವ, ಎಳೆ ಕೂಡಿಸುವ, ಕಂಡಿಕೆ ತುಂಬುವ ಕೆಲಸಗಳನ್ನು ಮನೆಯ ಹೆಂಗಸರೂ ಮಕ್ಕಳೂ ಹಿರಿಯರೂ ಮಾಡುತ್ತ ಬಂದಿದ್ದಾರೆ. ಅವರ ಶ್ರಮಕ್ಕೆ ಪ್ರತ್ಯೇಕವಾದ ಮಜೂರಿ ಎಂಬುದು ಲೆಕ್ಕದಲ್ಲಿ ಕಾಣುವುದು ಅಪರೂಪ. ಸೀರೆ ಮುಗಿದ ಕೂಡಲೇ ಹಣ ಬರುವುದೂ ಇಲ್ಲ. ಮದುವೆಯ ಕಾಲ, ಹಬ್ಬದ ಕಾಲಗಳಿಗಾಗಿ ಕಾಯಬೇಕು. ರೇಷ್ಮೆಯನ್ನು ಕೊಂಡ ದಿನದಿಂದ ಸೀರೆ ಮಾರಾಟವಾದ ದಿನದವರೆಗೆ ಹಣ ಕಟ್ಟಿಬೀಳುತ್ತದೆ. ಈ ನಡುವೆ ರೇಷ್ಮೆಯ ದರ ಇಳಿದರೆ ನಷ್ಟ. ಏರಿದರೆ ಮುಂದಿನ ಹಾಸಿಗೆ ಹಣ ಸಾಲದು.

ಈ ಕಾಲಾಂತರವನ್ನು ತುಂಬಿಕೊಡುವವನೇ ಸಾಹುಕಾರ. ಅವನು ರೇಷ್ಮೆ, ಜರಿಗಳನ್ನು ಕೊಟ್ಟು, ಸೀರೆಯನ್ನು ತೆಗೆದುಕೊಂಡು, ಸೀರೆಗೆ ಇಷ್ಟೆಂದು ಮಜೂರಿ ಕೊಡುತ್ತಾನೆ. ಇದರ ಜೊತೆಗೆ ಮುಂಗಡವೂ ಉಂಟು. ಮುಂಗಡ ತೀರುವವರೆಗೆ ನೇಕಾರನು ಬೇರೊಬ್ಬರಿಗೆ ನೇಯುವಂತಿಲ್ಲ. ಅದು ತೀರುವ ಮೊದಲೇ ಮನೆಯಲ್ಲಿ ಮತ್ತೊಂದು ಮದುವೆ ಅಥವಾ ಕಾಯಿಲೆ ಬರುವುದರಿಂದ ಆ ಬಂಧ ಬಹುಕಾಲ ಮುಂದುವರಿಯುತ್ತದೆ. ಸಾಹುಕಾರನನ್ನು ಕೇವಲ ಶೋಷಕನೆಂದು ಚಿತ್ರಿಸುವುದು ಇತಿಹಾಸಕ್ಕೆ ನ್ಯಾಯವಾಗದು. ಸರಕು ಮಾರಾಟವಾಗದೆ ಉಳಿಯುವ ಅಪಾಯವನ್ನು ಅವನು ಹೊರುತ್ತಾನೆ. ನೇಕಾರನ ಕಷ್ಟಕಾಲದಲ್ಲಿ ಯಾವ ಕಾಗದಪತ್ರವನ್ನೂ ಕೇಳದೆ ಹಣ ಕೊಡುತ್ತಾನೆ. ಅದಕ್ಕೆ ಅವನು ಪಡೆಯುವ ಪ್ರತಿಫಲ ಮಾತ್ರ ನೇಕಾರನ ಸ್ವಾತಂತ್ರ್ಯವೇ ಆಗಿರುತ್ತದೆ. ನೇಕಾರರ ಸಹಕಾರ ಸಂಘಗಳು ಹುಟ್ಟಿದ್ದು ಈ ಬಂಧವನ್ನು ಬಿಡಿಸಬೇಕೆಂಬ ಆದರ್ಶದಿಂದ.

3

ಸಹಕಾರದ ಆದರ್ಶಕ್ಕೂ ಬಂಡವಾಳಕ್ಕೂ ನಡೆದ ಮೊದಲ ಘರ್ಷಣೆಯನ್ನು ತಿಳಿಯಲು ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣಕ್ಕೆ ಹೋಗಬೇಕಾಗುತ್ತದೆ. ಆ ಪಟ್ಟಣವೂ ನೇಕಾರರದೇ. 1844ರಲ್ಲಿ ಅಲ್ಲಿಯ 28 ಜನ ಶ್ರಮಜೀವಿಗಳು ತಲೆಗೊಂದು ಪೌಂಡಿನಂತೆ ಹಣ ಕೂಡಿಸಿ ಅಂಗಡಿಯೊಂದನ್ನು ತೆರೆದರು. ಒಬ್ಬ ಸದಸ್ಯನಿಗೆ ಒಂದೇ ಮತ. ಬಂಡವಾಳಕ್ಕೆ ಮಿತವಾದ ಬಡ್ಡಿ. ಉಳಿದ ಲಾಭ ಅಂಗಡಿಯಲ್ಲಿ ಕೊಂಡವರಿಗೆ ಅವರ ಕೊಳ್ಳುವಿಕೆಯ ಪ್ರಮಾಣದಲ್ಲಿ. ಈ ನಿಯಮಗಳೇ ಜಗತ್ತಿನ ಸಹಕಾರ ಚಳುವಳಿಗೆ ಅಡಿಪಾಯವಾದುವು. ಅಂಗಡಿ ಬೆಳೆಯಿತು, ಆದರ್ಶವೂ ಉಳಿಯಿತು.

ಅದೇ ಜನ 1854ರಲ್ಲಿ ಹತ್ತಿಯ ಗಿರಣಿಯೊಂದನ್ನೂ ಸ್ಥಾಪಿಸಿದರೆಂಬುದು ಅಷ್ಟಾಗಿ ಪ್ರಸಿದ್ಧವಲ್ಲ. ಅಲ್ಲಿ ಲಾಭದ ಒಂದು ಭಾಗ ಗಿರಣಿಯಲ್ಲಿ ದುಡಿಯುವವರಿಗೆ ಸಲ್ಲಬೇಕೆಂಬ ನಿಯಮವಿತ್ತು. ಗಿರಣಿ ಲಾಭದಾಯಕವಾಗಿ ಅದನ್ನು ವಿಸ್ತರಿಸಬೇಕಾದಾಗ ಹೆಚ್ಚಿನ ಬಂಡವಾಳಕ್ಕಾಗಿ ಹೊಸ ಸದಸ್ಯರನ್ನು ಸೇರಿಸಿಕೊಂಡರು. ಇವರಲ್ಲಿ ಬಹುಮಂದಿ ಅಲ್ಲಿ ದುಡಿಯುವವರಲ್ಲ, ಹಣ ಹೂಡಿ ಲಾಭ ಪಡೆಯಬಂದವರು. 1862ರಲ್ಲಿ ಅವರ ಬಹುಮತದಿಂದ ದುಡಿಮೆಗಾರರ ಪಾಲು ರದ್ದಾಯಿತು; ಗಿರಣಿ ಇತರ ಗಿರಣಿಗಳಂತೆ ಒಂದು ಕಂಪನಿಯಾಯಿತು. ಒಂದೇ ಊರು, ಒಂದೇ ಜನ, ಒಂದೇ ಆದರ್ಶ. ಆದರೂ ಅಂಗಡಿ ಒಂದು ದಾರಿ ಹಿಡಿಯಿತು, ಗಿರಣಿ ಮತ್ತೊಂದು ದಾರಿ ಹಿಡಿಯಿತು. ಅಂಗಡಿಯಲ್ಲಿ ಸದಸ್ಯತ್ವಕ್ಕೂ ನಿತ್ಯದ ಬಳಕೆಗೂ ಸಂಬಂಧವಿತ್ತು; ಗಿರಣಿಯಲ್ಲಿ ಆ ಸಂಬಂಧ ಕಡಿದುಹೋಯಿತು. ಆದುದರಿಂದ ಬೆಳವಣಿಗೆಯೇ ಆದರ್ಶಕ್ಕೆ ಶತ್ರು ಎಂದು ಹೇಳುವಂತಿಲ್ಲ. ಬೆಳವಣಿಗೆಗೆ ಬೇಕಾದ ಹಣ ಯಾರಿಂದ ಬಂತು, ಅದರೊಡನೆ ನಿರ್ಧಾರದ ಅಧಿಕಾರವೂ ಯಾರಿಗೆ ಹೋಯಿತು ಎಂಬುದೇ ನಿರ್ಣಾಯಕ.

ಜರ್ಮನಿಯಲ್ಲಿ ರೈಫೈಸನ್ ಎಂಬವರು 1864ರಲ್ಲಿ ಹೆಡೆಸ್‌ಡಾರ್ಫಿನಲ್ಲಿ ಆರಂಭಿಸಿದ ಸಾಲದ ಸಂಘ ಈ ಸಮಸ್ಯೆಗೆ ಬೇರೊಂದು ಉತ್ತರ ಕೊಟ್ಟಿತು. ಸಂಘದ ವ್ಯಾಪ್ತಿ ಚಿಕ್ಕದಾಗಿರಬೇಕು, ಸದಸ್ಯರು ಪರಸ್ಪರ ಪರಿಚಿತರಾಗಿರಬೇಕು, ಸಂಘದ ಸಾಲಕ್ಕೆ ಎಲ್ಲರೂ ಅಪರಿಮಿತವಾಗಿ ಹೊಣೆಯಾಗಬೇಕು, ಹಂಚಲಾಗದ ಒಂದು ನಿಧಿ ಬೆಳೆಯುತ್ತ ಹೋಗಬೇಕು. ಅವರು ಸಂಘವನ್ನು ದೊಡ್ಡದು ಮಾಡಲಿಲ್ಲ. ಸಂಘಗಳ ಸಂಖ್ಯೆಯನ್ನು ಹೆಚ್ಚಿಸಿ ಅವುಗಳ ಮೇಲೊಂದು ಒಕ್ಕೂಟ ಕಟ್ಟಿದರು. ಮದರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಅವರು 1895 ಮತ್ತು 1897ರ ವರದಿಗಳಲ್ಲಿ ಭಾರತಕ್ಕೆ ಸೂಚಿಸಿದ್ದು ಈ ಮಾರ್ಗವನ್ನೇ.

4

ನಿಕಲ್ಸನ್ನರ ಸೂಚನೆಯ ಫಲವಾಗಿ 1904ರಲ್ಲಿ ಭಾರತದ ಮೊದಲ ಸಹಕಾರ ಕಾಯಿದೆ ಬಂತು. ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಸಾಲದ ಸಂಘ ಸ್ಥಾಪಿತವಾಯಿತು. 1905ರಲ್ಲಿಯೇ ಮೈಸೂರು ಸಂಸ್ಥಾನವೂ ತನ್ನ ಸಹಕಾರ ಕಾನೂನನ್ನು ಜಾರಿಗೆ ತಂದಿತು. ಬ್ರಿಟಿಷ್ ಭಾರತದಲ್ಲಿ 1912ರ ಕಾಯಿದೆ ಸಾಲವಲ್ಲದ ಇತರ ಉದ್ದೇಶಗಳ ಸಂಘಗಳಿಗೂ ಅವಕಾಶ ಕೊಟ್ಟಿತು. ಸಂಸ್ಥಾನದಲ್ಲಿ 1911ರ ಆರ್ಥಿಕ ಸಮ್ಮೇಲನ, 1913ರ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆ ಮೊದಲಾದುವು ಗೃಹಕೈಗಾರಿಕೆಗಳತ್ತ ಸರ್ಕಾರದ ದೃಷ್ಟಿಯನ್ನು ತಿರುಗಿಸಿದುವು.

ಈ ಚಳುವಳಿಯ ಒಂದು ವೈಶಿಷ್ಟ್ಯವನ್ನು ಮರೆಯಬಾರದು. ರಾಚ್‌ಡೇಲಿನಲ್ಲಿ ಕಾನೂನು ಚಳುವಳಿಯನ್ನು ಹಿಂಬಾಲಿಸಿತು. ನಮ್ಮಲ್ಲಿ ಚಳುವಳಿ ಕಾನೂನನ್ನು ಹಿಂಬಾಲಿಸಿತು. ಸದಸ್ಯರ ಉಳಿತಾಯ ಅತ್ಯಲ್ಪವಾಗಿದ್ದ ನಾಡಿನಲ್ಲಿ ಬಂಡವಾಳ ಮೇಲಿನಿಂದ ಇಳಿದುಬರುವುದು ಅನಿವಾರ್ಯವಾಗಿತ್ತು. ಎ. ಡಿ. ಗೋರ್ವಾಲಾ ಅವರ ಅಧ್ಯಕ್ಷತೆಯ ಗ್ರಾಮೀಣ ಸಾಲ ಸಮೀಕ್ಷೆಯ ಸಮಿತಿ 1954ರ ವರದಿಯಲ್ಲಿ, ಸಹಕಾರ ಸಂಘಗಳ ಷೇರುಗಳಲ್ಲಿ ಸರ್ಕಾರವೇ ಪಾಲುದಾರನಾಗಬೇಕೆಂದು ಸಲಹೆ ಮಾಡಿತು. ಕೈಮಗ್ಗಕ್ಕೆ ಸಂಬಂಧಿಸಿದಂತೆ 1952ರಲ್ಲಿ ಅಖಿಲ ಭಾರತ ಕೈಮಗ್ಗ ಮಂಡಳಿ ರಚಿತವಾಯಿತು. 1953ರ ಕಾಯಿದೆಯ ಮೂಲಕ ಗಿರಣಿ ಬಟ್ಟೆಯ ಮೇಲೆ ಸುಂಕ ವಿಧಿಸಿ ಆ ಹಣವನ್ನು ಖಾದಿ ಮತ್ತು ಕೈಮಗ್ಗಗಳ ಅಭಿವೃದ್ಧಿಗೆ ಮೀಸಲಿಡಲಾಯಿತು. 1957ರಿಂದ ರಿಸರ್ವ್ ಬ್ಯಾಂಕು ಸಹಕಾರ ಬ್ಯಾಂಕುಗಳ ಮೂಲಕ ನೇಕಾರರ ಸಂಘಗಳಿಗೆ ದುಡಿಯುವ ಬಂಡವಾಳ ಒದಗಿಸುವ ಯೋಜನೆಯನ್ನು ಕೈಗೊಂಡಿತು.

ಇವುಗಳಿಂದ ನೇಕಾರರಿಗೆ ಉಪಕಾರವಾದುದನ್ನು ಅಲ್ಲಗಳೆಯಲಾಗದು. ಸಾಹುಕಾರನಲ್ಲದೆ ಇನ್ನೊಂದು ಬಾಗಿಲು ಇದೆಯೆಂಬ ಅರಿವೇ ಮಜೂರಿಯ ಮಾತುಕತೆಯಲ್ಲಿ ನೇಕಾರನಿಗೆ ಬಲ ತರುತ್ತದೆ. ಆದರೆ ರೇಷ್ಮೆಯ ನೇಯ್ಗೆಯಂಥ ಬಂಡವಾಳ ಹೆಚ್ಚಾಗಿ ಬೇಡುವ ಕಸುಬಿನಲ್ಲಿ ಸಂಘ ಎದುರಿಸಬೇಕಾದ ಇಕ್ಕಟ್ಟುಗಳು ಮೂರು. ಮೊದಲನೆಯದು, ಕೈಯಲ್ಲಿರುವ ಹಣಕ್ಕೆ ತಕ್ಕಷ್ಟು ಮಗ್ಗಗಳಿಗೆ ಮಾತ್ರ ರೇಷ್ಮೆ ಕೊಡಲು ಸಾಧ್ಯ. ಸದಸ್ಯತ್ವ ಎಲ್ಲರಿಗೂ ತೆರೆದಿರಬೇಕೆಂಬುದು ತತ್ತ್ವ. ಕೆಲಸ ಕೆಲವರಿಗೆ ಮಾತ್ರ ಸಿಗುವುದು ವಾಸ್ತವ. ಎರಡನೆಯದು, ಹಬ್ಬದ ಕಾಲದ ರಿಯಾಯಿತಿಯ ಮಾರಾಟ. ಗ್ರಾಹಕನಿಗೆ ರಿಯಾಯಿತಿಯನ್ನು ಸಂಘ ಆಗಲೇ ಕೊಟ್ಟುಬಿಡುತ್ತದೆ. ಆ ಮೊತ್ತ ಸರ್ಕಾರದಿಂದ ಬರುವುದು ತಡವಾದಷ್ಟೂ ಸಂಘದ ಬಂಡವಾಳ ಅಲ್ಲಿಯೇ ಸಿಕ್ಕಿಬೀಳುತ್ತದೆ, ಬ್ಯಾಂಕಿನ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಮೂರನೆಯದು, ಸಂಘದ ಉಪವಿಧಿಗಳು ರೇಷ್ಮೆಗೆ ಸಾಲ ಕೊಡುತ್ತವೆಯೇ ಹೊರತು ಮಗಳ ಮದುವೆಗೆ ಕೊಡುವುದಿಲ್ಲ. ಹಗಲು ಸಂಘಕ್ಕೆ ನೇಯುವ ಸದಸ್ಯನು ರಾತ್ರಿ ಸಾಹುಕಾರನ ಬಾಗಿಲಿಗೆ ಹೋಗಬೇಕಾಗುತ್ತದೆ. ಸಾಲದ ಬಂಧ ಹೀಗೆ ಮುಂದುವರಿದಲ್ಲಿ ಸದಸ್ಯತ್ವದ ಸ್ವಾತಂತ್ರ್ಯ ಹೆಸರಿಗೆ ಮಾತ್ರ ಉಳಿಯುತ್ತದೆ.

ಬಿ. ಶಿವರಾಮನ್ ಅವರ ನೇತೃತ್ವದ ಅಧ್ಯಯನ ತಂಡ 1974ರಲ್ಲಿ ಸಂಘಗಳ ಹೊರಗೆ ಉಳಿದ ನೇಕಾರರಿಗಾಗಿ ರಾಜ್ಯಮಟ್ಟದ ನಿಗಮಗಳನ್ನು ಸೂಚಿಸಿತು. 1975ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿ ಮಾಡಿಕೊಂಡು ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಸ್ಥಾಪಿತವಾಯಿತು. ನಿಗಮದ ವ್ಯವಸ್ಥೆಯಲ್ಲಿ ನೇಕಾರನಿಗೆ ನೂಲು ದೊರೆಯುತ್ತದೆ, ಮಜೂರಿ ದೊರೆಯುತ್ತದೆ, ಮತ ದೊರೆಯುವುದಿಲ್ಲ. ವ್ಯಾಪ್ತಿಯನ್ನು ಬೇಗ ಹೆಚ್ಚಿಸಿಕೊಳ್ಳಲು ಸ್ವಾಯತ್ತತೆಯನ್ನು ಬಿಟ್ಟುಕೊಡಬೇಕಾದ ಸಂದರ್ಭಕ್ಕೆ ಇದೊಂದು ಸ್ಪಷ್ಟ ನಿದರ್ಶನ. ಸರ್ಕಾರದ ಹಿಡಿತ ಮಿತಿಮೀರಿತೆಂಬ ಭಾವನೆಯೇ ಮುಂದೆ 1997ರ ಕರ್ನಾಟಕ ಸೌಹಾರ್ದ ಸಹಕಾರಿ ಕಾಯಿದೆಗೆ ಪ್ರೇರಣೆಯಾಯಿತು. 2001ರಲ್ಲಿ ಜಾರಿಗೆ ಬಂದ ಈ ಕಾಯಿದೆ, ಸರ್ಕಾರದ ಷೇರಿಲ್ಲದೆ ಸ್ವಂತ ಬಲದ ಮೇಲೆ ನಿಲ್ಲಬಯಸುವ ಸಂಘಗಳಿಗೆ ಹೆಚ್ಚಿನ ಸ್ವಾತಂತ್ರ್ಯ ಕೊಟ್ಟಿತು. ಆದರೆ ಸದಸ್ಯರ ಕೈಯಲ್ಲಿ ಉಳಿತಾಯವಿರುವ ಕಡೆ ಈ ಸ್ವಾತಂತ್ರ್ಯ ಫಲಿಸುವಷ್ಟು ಸುಲಭವಾಗಿ, ಸಾಲದಲ್ಲಿರುವ ನೇಕಾರರ ನಡುವೆ ಫಲಿಸುವುದು ಕಷ್ಟ.

5

ಖಾದಿಯ ಇತಿಹಾಸದಲ್ಲಿ ಇದೇ ಪ್ರಶ್ನೆ ಇನ್ನೂ ತೀವ್ರವಾಗಿ ಎದ್ದಿತು. 1925ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಚರಕ ಸಂಘ ಹತ್ತು ವರ್ಷಗಳಲ್ಲಿ ದೇಶದ ಮೂಲೆಮೂಲೆಗಳಿಗೆ ಹಬ್ಬಿತ್ತು. ಖಾದಿಯ ಬೆಲೆಯನ್ನು ಗಿರಣಿ ಬಟ್ಟೆಯ ಹತ್ತಿರಕ್ಕೆ ತರುವುದೇ ಕಾರ್ಯಕರ್ತರ ಪ್ರಯತ್ನವಾಗಿತ್ತು. ಆ ಅಗ್ಗದ ಭಾರವನ್ನು ಹೊರುತ್ತಿದ್ದವರು ನೂಲುವ ಹೆಂಗಸರು. 1935ರಲ್ಲಿ ಗಾಂಧೀಜಿಯವರು ಈ ನೀತಿಯನ್ನು ಪ್ರಶ್ನಿಸಿದರು. ಎಂಟು ಗಂಟೆಗಳ ಕಾಲ ನಿಪುಣವಾಗಿ ನೂಲುವವಳಿಗೆ ಅನ್ನಬಟ್ಟೆಗೆ ಸಾಲುವಷ್ಟಾದರೂ ಕೂಲಿ ಸಿಗಬೇಕೆಂದು ಚರಕ ಸಂಘ ಆ ವರ್ಷ ನಿರ್ಣಯ ಮಾಡಿತು. ಬೆಲೆ ಏರುತ್ತದೆ, ಮಾರಾಟ ಕುಗ್ಗುತ್ತದೆ ಎಂಬ ಆತಂಕ ಕಾರ್ಯಕರ್ತರಲ್ಲಿ ಸಹಜವಾಗಿಯೇ ಇತ್ತು. ಅದನ್ನು ಅರಿತೇ ನಿರ್ಣಯ ಕೈಗೊಳ್ಳಲಾಯಿತು. ಲೋಕಹಿತದ ಉದ್ಯಮವೊಂದು ತನ್ನ ವಿಸ್ತಾರಕ್ಕಿಂತ ತನ್ನ ಉದ್ದೇಶವನ್ನು ಮುಂದಿಟ್ಟ ಪ್ರಸಂಗಗಳಲ್ಲಿ ಇದು ಅತ್ಯಂತ ಗಮನಾರ್ಹವಾದುದು.

ಸ್ವಾತಂತ್ರ್ಯಾನಂತರ 1956ರ ಕಾಯಿದೆಯ ಮೇರೆಗೆ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ರಚಿತವಾಗಿ, ಖಾದಿ ಸಂಸ್ಥೆಗಳು ಸರ್ಕಾರದ ಸಾಲ ಮತ್ತು ರಿಯಾಯಿತಿಗಳನ್ನು ಅವಲಂಬಿಸತೊಡಗಿದುವು. 1957ರಲ್ಲಿ ಹುಬ್ಬಳ್ಳಿಯ ಬೆಂಗೇರಿಯಲ್ಲಿ ನೆಲೆಗೊಂಡ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇಂಥ ಸಂಸ್ಥೆಗಳಲ್ಲಿ ಪ್ರಮುಖವಾದುದು. 2006ರಲ್ಲಿ ಭಾರತೀಯ ಮಾನಕ ಸಂಸ್ಥೆಯ ಮನ್ನಣೆ ಪಡೆದು ಅದು ರಾಷ್ಟ್ರಧ್ವಜದ ತಯಾರಿಕೆಯಲ್ಲಿ ಹೆಸರು ಗಳಿಸಿತು. ಧ್ವಜ ಖಾದಿಯದೇ ಆಗಿರಬೇಕೆಂಬ ನಿಯಮವೇ ಆ ಮಾರುಕಟ್ಟೆಗೆ ಆಧಾರವಾಗಿತ್ತು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ತಿದ್ದುಪಡಿಯಾಗಿ ಯಂತ್ರದಿಂದ ತಯಾರಾದ ಪಾಲಿಯೆಸ್ಟರ್ ಬಟ್ಟೆಗೂ ಅನುಮತಿ ದೊರೆತಾಗ ಆ ಆಧಾರ ಸಡಿಲವಾಯಿತು. ಒಂದು ನಿಯಮದ ನೆರಳಿನಲ್ಲಿ ಬೆಳೆದುದು ಆ ನಿಯಮ ಸರಿದಾಗ ಬಿಸಿಲಿಗೆ ಬೀಳುತ್ತದೆ.

6

ಚಿಕ್ಕದಾಗಿಯೇ ಉಳಿಯಬೇಕೆಂಬ ನಿರ್ಧಾರದಿಂದ ನಡೆದ ಪ್ರಯೋಗಗಳೂ ನಮ್ಮ ನಾಡಿನಲ್ಲಿ ಉಂಟು. ಸುರೇಂದ್ರ ಕೌಲಗಿಯವರು 1960ರಲ್ಲಿ ಮೇಲುಕೋಟೆಯಲ್ಲಿ ಆರಂಭಿಸಿದ ಜನಪದ ಸೇವಾ ಟ್ರಸ್ಟ್ ನೇಯ್ಗೆ ಮತ್ತು ಸಹಜ ಬಣ್ಣಗಳ ಕೆಲಸವನ್ನು ಊರಿನ ಅಳತೆಯಲ್ಲಿಯೇ ನಡೆಸಿಕೊಂಡು ಬಂದಿತು. ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ 1996ರಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ರೂಪುಗೊಂಡ 'ಚರಕ' ಮಹಿಳೆಯರ ಸಹಕಾರ ಸಂಘ ಇನ್ನೊಂದು ಮಾರ್ಗ ಹಿಡಿಯಿತು. ಉತ್ಪಾದನೆಯನ್ನು ಸಂಘವೂ, ಪಟ್ಟಣಗಳಲ್ಲಿ ಮಾರಾಟವನ್ನು 'ದೇಸಿ' ಎಂಬ ಪ್ರತ್ಯೇಕ ಸಂಸ್ಥೆಯೂ ನೋಡಿಕೊಳ್ಳುವ ಏರ್ಪಾಡು ಅದು. ಈ ಏರ್ಪಾಡಿನಿಂದ ಹಳ್ಳಿಯ ಹೆಂಗಸರಿಗೆ ಪಟ್ಟಣದ ಮಾರುಕಟ್ಟೆ ದೊರೆಯಿತು. ಬೆಲೆಯಲ್ಲಿ ಮಧ್ಯವರ್ತಿಗೆ ಹೋಗುತ್ತಿದ್ದ ಭಾಗ ಉಳಿಯಿತು. ಆದರೆ ಪಟ್ಟಣದ ಅಂಗಡಿಯನ್ನು ನೆಚ್ಚಿದ ಮೇಲೆ ಅಲ್ಲಿಯ ಆಪತ್ತೂ ಹಳ್ಳಿಯ ಮಗ್ಗಕ್ಕೆ ತಟ್ಟದೆ ಇರದು. 2020ರಲ್ಲಿ ಸಾಂಕ್ರಾಮಿಕ ರೋಗದಿಂದ ಅಂಗಡಿಗಳು ಮುಚ್ಚಿ ಸರಕು ಉಳಿದಾಗ ಚರಕ ಕೆಲಸವನ್ನು ನಿಲ್ಲಿಸುವುದಾಗಿ ಘೋಷಿಸಬೇಕಾಯಿತು. ಚಿಕ್ಕದಾಗಿರುವುದರಿಂದ ಆದರ್ಶಕ್ಕೆ ರಕ್ಷಣೆ ದೊರೆಯಬಹುದು. ಆಪತ್ತಿನಿಂದ ರಕ್ಷಣೆ ದೊರೆಯುವುದಿಲ್ಲ. ಅದಕ್ಕೆ ಬೇಕಾದುದು ಒಳ್ಳೆಯ ವರ್ಷಗಳಲ್ಲಿ ಹಂಚದೆ ಉಳಿಸಿಟ್ಟ ನಿಧಿ.

ಅತಿವೇಗದ ಬೆಳವಣಿಗೆಯ ನಿದರ್ಶನ ನೆರೆಯ ಆಂಧ್ರಪ್ರದೇಶದಲ್ಲಿ ದೊರೆಯುತ್ತದೆ. ಬಡ ಹೆಂಗಸರಿಗೆ ಸಣ್ಣ ಸಾಲ ಕೊಡುವ ಸೇವಾಸಂಸ್ಥೆಯಾಗಿ 1990ರ ದಶಕದ ಕೊನೆಯಲ್ಲಿ ಹುಟ್ಟಿದ ಎಸ್.ಕೆ.ಎಸ್., 2005ರಲ್ಲಿ ಕಂಪನಿಯಾಗಿ ಮಾರ್ಪಟ್ಟು 2010ರ ಆಗಸ್ಟಿನಲ್ಲಿ ಷೇರುಪೇಟೆಯನ್ನು ಪ್ರವೇಶಿಸಿತು. ಹಲವು ಕಂಪನಿಗಳು ಸ್ಪರ್ಧೆಯಿಂದ ಸಾಲ ಹಂಚಿ, ವಸೂಲಿಯಲ್ಲಿ ಬಲಾತ್ಕಾರ ನಡೆಯುತ್ತಿದೆಯೆಂಬ ದೂರುಗಳು ಎದ್ದು, ಅದೇ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ಹೊರಗಿನ ಬಂಡವಾಳವಿಲ್ಲದೆ ಲಕ್ಷಾಂತರ ಬಡವರಿಗೆ ಸಾಲ ತಲುಪಿಸಲಾಗದೆಂಬುದು ಬೆಳವಣಿಗೆಯ ಪಕ್ಷದವರ ವಾದವಾಗಿತ್ತು, ಅದರಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಸಾಲ ಪಡೆದವಳಿಗೆ ನಿರ್ಧಾರದಲ್ಲಿ ಸ್ಥಾನವಿಲ್ಲದ ಮೇಲೆ, ವೇಗ ಮಿತಿಮೀರಿದಾಗ ಅದನ್ನು ತಡೆಯುವ ಧ್ವನಿ ಸಂಸ್ಥೆಯ ಒಳಗಿನಿಂದ ಏಳಲಾರದು. 1862ರ ರಾಚ್‌ಡೇಲ್ ಗಿರಣಿಯ ಪಾಠವೇ ಇಲ್ಲಿ ಬೇರೆ ವೇಷದಲ್ಲಿ ಪುನರಾವರ್ತನೆಯಾಯಿತು.

7

ಮತ್ತೆ ಮೊಳಕಾಲ್ಮೂರಿನ ಕಡೆ ದೃಷ್ಟಿ ಹರಿಸಿದರೆ, 2011ರಲ್ಲಿ ಇಲ್ಲಿಯ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತುದು ಒಂದು ಮುಖ್ಯ ಘಟನೆ. ಬೇರೆಡೆ ತಯಾರಾದುದನ್ನು ಈ ಊರಿನ ಹೆಸರಿನಲ್ಲಿ ಮಾರುವುದನ್ನು ಇದರಿಂದ ಕಾನೂನುಬದ್ಧವಾಗಿ ಪ್ರಶ್ನಿಸಬಹುದು. ಆದರೆ ಈ ಮಾನ್ಯತೆ ರಕ್ಷಿಸುವುದು ಹೆಸರನ್ನು. ಹೆಸರಿನಿಂದ ಬರುವ ಹೆಚ್ಚಿನ ಬೆಲೆ ಸಾಹುಕಾರನಿಗೆ ಸೇರುವುದೋ ನೇಕಾರನಿಗೆ ಸೇರುವುದೋ ಎಂಬುದನ್ನು ಕಾನೂನು ಹೇಳುವುದಿಲ್ಲ; ಅದನ್ನು ತೀರ್ಮಾನಿಸುವುದು ರೇಷ್ಮೆ ಯಾರ ಹಣದಿಂದ ಬಂತು ಎಂಬ ಹಳೆಯ ಪ್ರಶ್ನೆಯೇ. ಕೈಮಗ್ಗಕ್ಕೆ ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಟ್ಟ 1985ರ ಕಾಯಿದೆಯ ವಿಷಯದಲ್ಲಿಯೂ ಇದೇ ಮಾತನ್ನು ಹೇಳಬಹುದು. ಮಗ್ಗದ ದುಡಿಮೆಯಿಂದ ಸಂಸಾರ ಸಾಗದೆಂದು ಮನೆಯ ಮಕ್ಕಳು ಕಸುಬನ್ನು ತೊರೆದರೆ, ಉಳಿದ ಹೆಸರಿಗೆ ಸೀರೆಯನ್ನು ನೇಯುವ ಕೈಗಳಿರುವುದಿಲ್ಲ.

ಮೇಲಣ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಆದರ್ಶ ಮತ್ತು ಹಣಗಳ ನಡುವೆ ಒಂದನ್ನು ಆಯ್ದುಕೊಳ್ಳುವ ಪ್ರಶ್ನೆ ಇತಿಹಾಸದಲ್ಲಿ ನಿಜವಾಗಿ ಎದ್ದಂತೆ ಕಾಣುವುದಿಲ್ಲ. ಹಣವಿಲ್ಲದೆ ಯಾವ ಸಂಘವೂ ಮಗ್ಗಕ್ಕೆ ಹಾಸನ್ನು ಏರಿಸಲಿಲ್ಲ. ಎದ್ದ ಪ್ರಶ್ನೆಗಳು ಬೇರೆ: ಹಣದೊಡನೆ ಮತವೂ ಹೋಯಿತೇ? ಸದಸ್ಯನು ಆ ಉದ್ಯಮದಿಂದಲೇ ಬದುಕುವವನೇ? ನಷ್ಟದ ವರ್ಷಕ್ಕಾಗಿ ಲಾಭದ ವರ್ಷದಲ್ಲಿ ಏನನ್ನಾದರೂ ಉಳಿಸಿಡಲಾಯಿತೇ? ಬೆಲೆಯನ್ನು ಇಳಿಸಬೇಕಾದಾಗ ಯಾರ ಮಜೂರಿಯಿಂದ ಅದನ್ನು ಕಳೆಯಲಾಯಿತು? ಈ ನಾಲ್ಕಕ್ಕೂ ಸಮಾಧಾನಕರವಾದ ಉತ್ತರ ಕೊಟ್ಟ ಸಂಸ್ಥೆ ದೊಡ್ಡದಾದರೂ ಕೆಡಲಾರದು. ಕೊಡಲಾರದ ಸಂಸ್ಥೆ ಚಿಕ್ಕದಾಗಿಯೇ ಇದ್ದರೂ ಹೆಚ್ಚು ಕಾಲ ತನ್ನ ಉದ್ದೇಶವನ್ನು ಉಳಿಸಿಕೊಳ್ಳಲಾರದು.

ಬ್ರಹ್ಮಗಿರಿಯ ಶಾಸನದಲ್ಲಿ, ಉದ್ದಿಷ್ಟವಾದ ಫಲ ದೊಡ್ಡವರಿಗೆ ಮಾತ್ರ ಲಭ್ಯವಾದುದಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಲಭ್ಯ ಎಂಬ ಅಭಿಪ್ರಾಯವಿದೆ. ಆ ಶಾಸನವನ್ನು ನಾವು ಜತನದಿಂದ ಕಾಪಾಡಿದ್ದೇವೆ. ಸಣ್ಣವರ ಪ್ರಯತ್ನದ ದಾಖಲೆಗಳಿಗೂ ಅದೇ ಆದರ ಸಲ್ಲಬೇಕು. ನೇಕಾರರ ಸಂಘಗಳ ಲೆಕ್ಕದ ಪುಸ್ತಕಗಳು, ಸಭೆಯ ನಡಾವಳಿಗಳು, ಮಜೂರಿಯ ಪಟ್ಟಿಗಳು, ಹೆಂಗಸರ ಮನೆಗೆಲಸದ ಲೆಕ್ಕವಿಲ್ಲದ ದುಡಿಮೆಯನ್ನು ಕುರಿತ ಹಿರಿಯರ ನೆನಪುಗಳು ಗೆದ್ದಲಿಗೂ ಮರೆವಿಗೂ ತುತ್ತಾಗುವ ಮೊದಲು ಅವುಗಳನ್ನು ಸಂಗ್ರಹಿಸುವುದು ಈ ಭಾಗದ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸಾಧ್ಯವಾದ ಕೆಲಸ. ಒಂದೊಂದು ಸಂಘದ ಇಪ್ಪತ್ತು ವರ್ಷಗಳ ಲೆಕ್ಕವನ್ನು ತೆಗೆದುಕೊಂಡು, ರೇಷ್ಮೆಯ ದರ, ಮಜೂರಿ ಮತ್ತು ಉಳಿದ ದಾಸ್ತಾನುಗಳನ್ನು ಹೋಲಿಸಿ ನೋಡಿದರೆ, ಇಲ್ಲಿ ಸ್ಥೂಲವಾಗಿ ಹೇಳಿದ ಮಾತುಗಳು ಎಷ್ಟರಮಟ್ಟಿಗೆ ನಿಲ್ಲುತ್ತವೆಂಬುದು ತಿಳಿಯುತ್ತದೆ.